ದೇವರ ಮನೆ ಹೊಕ್ಕ ಉಲ್ಲನ್ ಚಪ್ಪಲಿ

"...ಹಾಕ್ಕೊಂಡೇ ದೇವ್ರ ಮನೆ ಒಳಗೆ ಹೋಗ್ಬಿಟ್ಟಿದಾರೆ ಆಂಟಿ. ಇವತ್ತೊಂದಿನ ಅಲ್ಲ, ಒಂದು ವಾರದಿಂದ ಹಿಂಗೇ ನಡೀತಿದೆ. ನಂಗೇ ಈಗ ಗೊತ್ತಾಗಿದ್ದು."

ಫೋನು ನೆಲದ ಮೇಲೆ, ಉಲ್ಲನ್ ಉಂಡೆಯ ಪಕ್ಕದಲ್ಲಿದೆ. ಸ್ಪೀಕರಿನಲ್ಲಿ ಕೇಳುತ್ತಿರುವುದು ಎನ್.ಆರ್. ಕಾಲೋನಿಯ ಧೃತಿಯ ದನಿ. ಕಾಲೇಜು ಹುಡುಗಿ. ಅಡುಗೆಮನೆಯಲ್ಲಿರುವ ಅಜ್ಜಿ ಭಾಗೀರಥಮ್ಮನವರಿಗೆ ಕೇಳಿಸಬಾರದೆಂದು ಪಿಸುಗುಡುತ್ತಿದ್ದಾಳೆ. ಆದರೆ ಖುಷಿ ಉಕ್ಕಿ ಉಕ್ಕಿ ಆ ಪಿಸುಮಾತು ಪಕ್ಕದ ಮನೆಯವರಿಗೂ ಕೇಳುವಂತಿದೆ. ಇತ್ತ ಚಾಮರಾಜಪೇಟೆಯ ಅಡ್ಡರಸ್ತೆಯೊಂದರ ವಠಾರದಲ್ಲಿ, ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತ ಗಂಗರತ್ನಮ್ಮನ ಕೈಯಲ್ಲಿ ಕ್ರೋಶಾ ಕಡ್ಡಿ ಇದೆ. ಬೆಳಕಿನ್ನೂ ಪೂರ್ತಿ ಹರಿದಿಲ್ಲ. ಹಾಲಿನವನ ಸ್ಕೂಟರು ಈಗಷ್ಟೇ ಹೋಗಿದೆ. ನಲ್ಲಿಯ ಬಳಿ ಕೊಡಗಳ ಸದ್ದು ಶುರುವಾಗಿದೆ. ಈ ಹೊತ್ತಿಗೆ ಕಣ್ಣುಮುಚ್ಚಿಕೊಂಡೂ ಓಡುವ ಅವರ ಕಡ್ಡಿ ಈಗ ಅರ್ಧ ಹೊಲಿಗೆಯಲ್ಲಿ ನಿಂತುಬಿಟ್ಟಿದೆ.

"ಏನ್ ಹಾಕ್ಕೊಂಡು?" ಎಂದು ಗೊತ್ತಿದ್ದೂ ಕೇಳುತ್ತಾರೆ.

"ನೀವ್ ಮಾಡ್ಕೊಟ್ರಲ್ಲ, ಮರೂನ್ ಕಲರ್ ಚಪ್ಪಲಿ."

ಧೃತಿ ಉಳಿದದ್ದನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾಳೆ. ಭಜನಾ ಮಂಡಳಿಯವರು ಅಜ್ಜಿಯ ಕಾಲು ನೋಡಿದರಂತೆ. ಚಪ್ಪಲಿ ಹಾಕಿಕೊಂಡು ದೇವರ ಮುಂದೆ ನಿಂತಿದ್ದೀರಲ್ಲ ಎಂದು ಕೇಳಿದ್ದಕ್ಕೆ ಅಜ್ಜಿ, ಉಣ್ಣೆಗೆ ಮೈಲಿಗೆ ಇಲ್ಲ ಎಂದರಂತೆ. ಆ ಮಾತು ಎಲ್ಲರಿಗೂ ಒಪ್ಪಿಗೆಯಾಗಿ, ಈಗ ಅವರಿಗೂ ಅಂಥದ್ದೇ ಬೇಕಂತೆ. ಎಂಟು ಜೊತೆ, ಸಂಕ್ರಾಂತಿಯ ಒಳಗೆ, ಪೂಜೆಗೆಂದೇ.

ಒಂದೇ ಸಲಕ್ಕೆ ಎಂಟು ಜೊತೆಯ ಆರ್ಡರು ಗಂಗರತ್ನಮ್ಮನಿಗೆ ಈವರೆಗೆ ಬಂದದ್ದಿಲ್ಲ. ಇನ್ನೊಬ್ಬರಾಗಿದ್ದರೆ ಬೀದಿಗೆಲ್ಲ ಸಿಹಿ ಹಂಚುತ್ತಿದ್ದರು. ಇವರು ಮಾತ್ರ, "ಆಮೇಲೆ ಮಾಡ್ತೀನಮ್ಮ, ಒಲೆ ಮೇಲೆ ನೀರಿಟ್ಟಿದೀನಿ" ಎಂದು ಫೋನಿಡುತ್ತಾರೆ. ಒಲೆಯ ಮೇಲೆ ಏನೂ ಇಲ್ಲ.

ಏಕೆಂದರೆ ಆ ಮರೂನ್ ಚಪ್ಪಲಿಯಲ್ಲಿ ಉಣ್ಣೆಯೊಂದೇ ಇರುವುದಲ್ಲ. ಹೊರಗಿನಿಂದ ನೋಡಿದರೆ, ಮುಟ್ಟಿದರೆ, ಹಾಕಿಕೊಂಡು ನಡೆದರೂ ಬರೀ ಉಣ್ಣೆಯೇ. ಆದರೆ ಅಡಿಭಾಗವನ್ನು ಅವರು ಎರಡು ಪದರ ಹಾಕುತ್ತಾರೆ. ಆ ಎರಡು ಪದರಗಳ ನಡುವೆ, ಬೂಂದಿ ಲಾಡುವಿನೊಳಗಿನ ಲವಂಗದಂತೆ ಯಾರಿಗೂ ಕಾಣದ ಹಾಗೆ, ತೆಳ್ಳಗೆ ಹೆರೆದ ತೊಗಲಿನ ಅಟ್ಟೆಯೊಂದು ಕೂತಿರುತ್ತದೆ. ಬಚ್ಚಲ ಚಪ್ಪಲಿಯನ್ನೂ ಹಿತ್ತಲಲ್ಲೇ ಬಿಡುವ ಮನೆಯ ದೇವರ ಕೋಣೆಗೆ, ಧನುರ್ಮಾಸದ ಪೂಜೆಯ ಹೊತ್ತಿಗೆ, ವಾರದಿಂದ ದಿನಾ ಹೋಗಿ ಬರುತ್ತಿರುವುದು ಅದೇ ತೊಗಲು.

ಗಂಗರತ್ನಮ್ಮ ಈಗ ಆ ಮಾತನ್ನು ಹೇಳಬೇಕು. ಇಲ್ಲವೇ ನುಂಗಿಕೊಳ್ಳಬೇಕು.

ಅವರಿಗೆ ಐವತ್ತೇಳು ವರ್ಷ. ಶೇಷಾದ್ರಿಪುರದಲ್ಲಿ ಹುಟ್ಟಿ, ಚಾಮರಾಜಪೇಟೆಗೆ ಸೊಸೆಯಾಗಿ ಬಂದು, ಬಾಳಿನ ಅರ್ಧ ಪಾಲನ್ನು ಮಲ್ಲೇಶ್ವರದ ಹೆರಿಗೆ ನರ್ಸಿಂಗ್ ಹೋಮೊಂದರಲ್ಲಿ ಆಯಾ ಆಗಿ ಕಳೆದವರು. ಕ್ರೋಶಾ ಕಲಿಸಿದ್ದು ಅಲ್ಲಿಯ ಸಿಸ್ಟರೊಬ್ಬರು. ಹೆರಿಗೆ ವಾರ್ಡಿನಲ್ಲಿ ಕಾಯುವುದೇ ದೊಡ್ಡ ಕೆಲಸವಾದ್ದರಿಂದ, ಕಾಯುತ್ತಾ ಕಾಯುತ್ತಾ ಅವರು ಹುಟ್ಟಲಿರುವ ಕೂಸಿಗೆ ಟೋಪಿ ಹೆಣೆಯುತ್ತಿದ್ದರು, ಕಾಲುಚೀಲ ಹೆಣೆಯುತ್ತಿದ್ದರು. ಈಗ ಮಲ್ಲೇಶ್ವರದ ಕ್ರಾಸುಗಳಲ್ಲಿ ಬೈಕು ಓಡಿಸಿಕೊಂಡು ತಿರುಗುವ ಎಷ್ಟೋ ಹುಡುಗ ಹುಡುಗಿಯರ ತಲೆಯ ಮೇಲೆ ಕೂತ ಮೊದಲ ಟೋಪಿ ಇವರ ಕೈಯದು. ಅದು ಅವರಾರಿಗೂ ಗೊತ್ತಿಲ್ಲ, ಗೊತ್ತಿರಬೇಕೆಂದು ಇವರಿಗೂ ಅನ್ನಿಸಿಲ್ಲ.

"ಮಗು ಕಾಲು ಎಷ್ಟಿರುತ್ತೆ, ನನ್ ಹೆಬ್ಬೆರಳಷ್ಟು. ಅದಕ್ಕೇನ್ ಅಳತೆ ಬೇಕು," ಎನ್ನುತ್ತಾರೆ. "ದೊಡ್ಡೋರ ಕಾಲೇ ಕಷ್ಟ. ಒಂದೊಂದು ಒಂದೊಂದ್ ಥರ ಹಟ ಮಾಡುತ್ತೆ."

ಲಾಕ್‌ಡೌನಿನಲ್ಲಿ ಮುಚ್ಚಿದ ನರ್ಸಿಂಗ್ ಹೋಮು ಮತ್ತೆ ಬಾಗಿಲು ತೆರೆಯಲಿಲ್ಲ. ಅದಕ್ಕೆ ಮೊದಲೇ ಗಂಡ ತೀರಿಕೊಂಡಿದ್ದರು. ಮಗಳು ಹೇಮಶ್ರೀ ಆಗಿನ್ನೂ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಮನೆಯಲ್ಲಿದ್ದದ್ದು ಮಾವ ಆಂಜಿನಯ್ಯ, ಒಂದು ಮೂಟೆ ಬಣ್ಣಬಣ್ಣದ ಉಲ್ಲನ್, ಮತ್ತು ಕೆಲಸವಿಲ್ಲದೆ ತುರಿಸುವ ಎರಡು ಕೈ. ಕೈ ಸುಮ್ಮನಿರಲಾರದೆ ಅವರು ಮಾವನ ಬಿರುಕುಬಿಟ್ಟ ಪಾದಗಳಿಗೆಂದು ಎರಡೆಳೆ ಕೂಡಿಸಿ ದಪ್ಪನೆಯ ಚಪ್ಪಲಿಯೊಂದನ್ನು ಹೆಣೆದರು.

ಆಂಜಿನಯ್ಯ ಐವತ್ತು ವರ್ಷ ಚಪ್ಪಲಿ ಹೊಲಿದ ಮನುಷ್ಯ. ಸೊಸೆ ಕೊಟ್ಟದ್ದನ್ನು ಅಂಗೈಯಲ್ಲಿಟ್ಟುಕೊಂಡು, ಅಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ಚಪ್ಪಲಿ ಅಲ್ಲ ರತ್ನ. ಕಾಲಿಗೆ ಹಾಕೋ ಟೋಪಿ," ಎಂದರು. ಸೊಸೆ ನಕ್ಕರು. ಮಾವ ನಗಲಿಲ್ಲ. ಮಂಚದ ಕೆಳಗಿನಿಂದ ತಮ್ಮ ಹಳೆಯ ಡಬ್ಬ ಎಳೆದು, ತೊಗಲು ಹೆರೆಯುವ ರಂಪಿಗೆಯನ್ನು ಕಲ್ಲಿಗೆ ಉಜ್ಜಿ, ಉಳಿದಿದ್ದ ತುಂಡೊಂದನ್ನು ಎಲೆಯಷ್ಟು ತೆಳ್ಳಗೆ ಮಾಡಿಕೊಟ್ಟರು. ಅದನ್ನು ಒಳಗಿಟ್ಟು ಸುತ್ತ ಹೊಲಿಗೆ ಹಾಕಿದ ಮೇಲೆ ಟೋಪಿ ಚಪ್ಪಲಿಯಾಯಿತು. ನೆಲದ ಥಂಡಿ ಮೇಲೆ ಬರುವುದಿಲ್ಲ, ಕಾಲು ಹೊರಳುವುದಿಲ್ಲ, ಏನಾದರೂ ಚುಚ್ಚಿದರೆ ಒಳಗೆ ಹೋಗುವುದಿಲ್ಲ. ಆವತ್ತಿನಿಂದ ಈ ಮನೆಯ ಚಪ್ಪಲಿ ತಯಾರಾಗುವುದೇ ಹೀಗೆ. ಮೇಲಿನದ್ದು ಸೊಸೆಯ ಕೆಲಸ, ನಡುವಿನದ್ದು ಮಾವನ ಕೆಲಸ.

ದಿನಕ್ಕೆ ಒಂದು ಕಾಲು, ಎರಡು ದಿನಕ್ಕೆ ಒಂದು ಜೊತೆ. ಬೆರಳ ತುದಿಯಿಂದ ಶುರು. ಸಣ್ಣದೊಂದು ಉಂಗುರ ಹಾಕಿ, ಸುತ್ತು ಸುತ್ತಿಗೂ ಹೊಲಿಗೆ ಹೆಚ್ಚಿಸುತ್ತಾ ಪಾದದ ಅಗಲಕ್ಕೆ ಬಂದು, ಅಲ್ಲಿಂದ ಮೇಲ್ಭಾಗ ತೆರೆದುಬಿಟ್ಟು, ಹಿಂದೆ ಮುಂದೆ ಹಾಕುತ್ತಾ ಹಿಮ್ಮಡಿಗೆ ಹೋಗಿ ಮುಚ್ಚುತ್ತಾರೆ. ಕಾಲಿನ ಉದ್ದಕ್ಕಿಂತ ಕೊಂಚ ಚಿಕ್ಕದಾಗಿಯೇ ಹಾಕಬೇಕು, ನಾಲ್ಕು ದಿನ ನಡೆದರೆ ಉಲ್ಲನ್ ತಾನೇ ಸಡಿಲವಾಗುತ್ತದೆ. ಬೆಳಿಗ್ಗೆ ಬೇಗ ಎದ್ದರೆ ಬೆರಳು ಮಾತು ಕೇಳುತ್ತದೆ, ಮಧ್ಯಾಹ್ನದ ಮೇಲೆ ಮಣಿಕಟ್ಟು ನೋಯುತ್ತದೆ. ಮಾಡಿದ್ದು ಬಾಯಿಂದ ಬಾಯಿಗೆ ಹೋಗಿ ಮಾರಾಟವಾಗುತ್ತದೆ. ಅಂಗಡಿಯಿಲ್ಲ, ಬೋರ್ಡಿಲ್ಲ, ಚಪ್ಪಲಿಯ ಮೇಲೆ ಹೆಸರಿಲ್ಲ.

ಭಾಗೀರಥಮ್ಮ ಈ ಗಿರಾಕಿಗಳ ಸಾಲಿಗೆ ಬಂದದ್ದು ಎರಡು ತಿಂಗಳ ಹಿಂದೆ. ಅವರು ಎಪ್ಪತ್ತು ದಾಟಿದ ನಿವೃತ್ತ ಹೈಸ್ಕೂಲ್ ಮೇಡಂ. ಸಕ್ಕರೆ ಕಾಯಿಲೆಯಿಂದ ಪಾದಗಳಿಗೆ ಅರಿವು ಕಮ್ಮಿಯಾಗಿದೆ. ಹೋದ ವರ್ಷ ಉರಿಯುವ ಊದುಬತ್ತಿಯ ತುಂಡನ್ನು ತುಳಿದವರಿಗೆ ಅದು ಗೊತ್ತಾದದ್ದು ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ. ಆ ಗಾಯ ಮಾಯಲು ತಿಂಗಳುಗಳೇ ಹಿಡಿದವು. ಮನೆಯೊಳಗೂ ಚಪ್ಪಲಿ ಹಾಕಿ ಎಂದು ಡಾಕ್ಟರು ಹೇಳಿದರೆ, ಸತ್ತರೂ ಆಗದು ಎಂದು ಇವರು ಹೇಳಿದರು. ಆಗ ಮೊಮ್ಮಗಳು ಧೃತಿ ಒಂದು ಉಪಾಯ ಮಾಡಿದಳು. ಎಲ್ಲಿಂದಲೋ ಅಪ್ಪಟ ಕುರಿ ಉಣ್ಣೆಯ ನೂಲು ತರಿಸಿ, ಅಜ್ಜಿಯ ಪಾದದ ಗೆರೆಯನ್ನು ಪೇಪರಿನ ಮೇಲೆ ಎಳೆದು ತಂದು ಗಂಗರತ್ನಮ್ಮನಿಗೆ ಕೊಟ್ಟಳು. ಚಪ್ಪಲಿ ತಯಾರಾದ ಮೇಲೆ, "ಉಣ್ಣೆ ಮಡಿಗೆ ಬರುತ್ತೆ ಅಂತ ನೀವೇ ಹೇಳ್ತೀರಲ್ಲ ಅಜ್ಜಿ" ಎಂದು ಅಜ್ಜಿಯ ಮಾತನ್ನು ಅಜ್ಜಿಗೇ ಒಪ್ಪಿಸಿದಳು. ಅಜ್ಜಿ ಸೋತರು.

ಚಪ್ಪಲಿ ಕೊಡುವಾಗ ಗಂಗರತ್ನಮ್ಮ ಒಳಗೆ ತೊಗಲಿದೆ, ಒಗೆಯುವಾಗ ಜಾಸ್ತಿ ನೆನೆಹಾಕಬೇಡಿ ಎಂದು ಹೇಳಿದ್ದರು. ಧೃತಿ ಹೂಂ ಹೂಂ ಎಂದು ತಲೆಯಾಡಿಸಿದ್ದಳು. ಅವಳ ಕಣ್ಣು ಆಗ ಫೋನಿನ ಮೇಲಿತ್ತು. ಆ ಮಾತು ಅವಳ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬಿತ್ತೋ, ಇಲ್ಲ ಅಜ್ಜಿಗೆ ಬೇಕೆಂದೇ ಹೇಳಲಿಲ್ಲವೋ, ಯಾರು ಬಲ್ಲರು. ಅಜ್ಜಿಯಂತೂ ಪಡಸಾಲೆ, ನಡುಮನೆ, ಅಡುಗೆಮನೆ ಎಂದು ಒಂದೊಂದೇ ಹೊಸ್ತಿಲು ದಾಟಿ, ಧನುರ್ಮಾಸದ ಚಳಿ ಕೆಂಪು ಗಾರೆ ನೆಲಕ್ಕೆ ಇಳಿದಾಗ ಕೊನೆಯ ಹೊಸ್ತಿಲನ್ನೂ ದಾಟಿಬಿಟ್ಟಿದ್ದಾರೆ.

ತಿಂಡಿಯ ಹೊತ್ತಿಗೆ ಸುದ್ದಿ ಮನೆಯವರಿಗೆಲ್ಲ ಗೊತ್ತಾಗಿದೆ. ಹೇಮಶ್ರೀ ಈಗ ಮಲ್ಲೇಶ್ವರದ ಸರ್ಕಾರಿ ಕಚೇರಿಯೊಂದರಲ್ಲಿ ಎಫ್‌ಡಿಎ. ಇವತ್ತು ರಜೆ. ಗೋಡೆಯ ಮೇಲಿನ ಬುದ್ಧ, ಬಾಬಾಸಾಹೇಬರ ಫೋಟೋಗಳ ಧೂಳು ಒರೆಸುತ್ತಿದ್ದವಳು ಬಟ್ಟೆ ಹಿಡಿದುಕೊಂಡೇ ತಿರುಗಿ ನಿಲ್ಲುತ್ತಾಳೆ.

"ಯಾಕಮ್ಮ ಹೇಳ್ಬೇಕು? ನೀನು ಮುಚ್ಚಿಟ್ಟಿದ್ಯಾ? ಆ ಹುಡುಗಿಗೆ ಹೇಳಿದ್ದೆ ತಾನೆ?"

ಹೇಳಿದ್ದೆ, ಆದರೆ ಅವರಿಗೆ ತಲುಪಿಲ್ಲವಲ್ಲ, ಎಂದು ಗಂಗರತ್ನಮ್ಮ.

"ತಲುಪಿದ್ರೆ ಏನಾಗುತ್ತೆ ಗೊತ್ತಾ? ತೊಗಲು ಅಂತ ಶುರು ಮಾಡ್ತಾರೆ. ಯಾರು ಹಾಕಿದ್ದು ಅಂತಾರೆ. ಆಮೇಲೆ ನಿಮ್ಮನೆ ಎಲ್ಲಿ, ನೀವು ಯಾವ ಜನ ಅಂತ ಇಲ್ಲಿ ತನಕ ಬರ್ತಾರೆ. ನಿಂಗೆ ಬೇಕಾ ಅದು?"

ಗಂಗರತ್ನಮ್ಮನಿಗೆ ಅದು ಬೇಡ. ನರ್ಸಿಂಗ್ ಹೋಮಿನಲ್ಲಿ ಅಷ್ಟು ವರ್ಷ ಮಗುವನ್ನು ಮೊದಲು ಎತ್ತಿಕೊಂಡ ಕೈ ಅವರದು. ಅದೇ ಕೈಯಿಂದ ನೀರು ಕುಡಿಯದ ಬಾಣಂತಿಯರನ್ನೂ ಕಂಡಿದ್ದಾರೆ. ಅದನ್ನು ಅವರು ಯಾರಿಗೂ ಹೇಳಿಕೊಂಡು ಅತ್ತಿಲ್ಲ. ಆದರೆ ಆ ನೋಟ ಇನ್ನೊಮ್ಮೆ ಎದುರಾಗುವುದು ಬೇಡ ಎನ್ನುವಷ್ಟು ನೆನಪಿದೆ.

ಮಂಚದ ಮೇಲೆ ಕಂಬಳಿ ಹೊದ್ದು ಕೂತ ಆಂಜಿನಯ್ಯ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಅವರು ಅರ್ಧ ಆಯಸ್ಸು ಕೂತು ಹೊಲಿದದ್ದು ಅದೇ ಎನ್.ಆರ್. ಕಾಲೋನಿಯ ಬಸ್ ಸ್ಟಾಪಿನ ಪಕ್ಕ, ಅರಳಿ ಮರದ ಕೆಳಗೆ. ಕಾಲೋನಿಯವರು ಹರಿದ ಚಪ್ಪಲಿಯನ್ನು ಕವರಿನಲ್ಲಿ ತಂದು, ಮಾರು ದೂರದಲ್ಲಿಟ್ಟು ಹೋಗುತ್ತಿದ್ದರು. ಸಂಜೆ ಬಂದು ಅದೇ ಕವರಿನಲ್ಲಿ ಎತ್ತಿಕೊಂಡು ಹೋಗುತ್ತಿದ್ದರು.

"ಆ ಕಾಲೋನಿ ಚಪ್ಪಲಿ ಎಲ್ಲಾ ನಂಗ್ ಗೊತ್ತು. ಕಾಲು ಒಬ್ರುದ್ದೂ ನೋಡಿಲ್ಲ," ಎನ್ನುತ್ತಾರೆ ಆಂಜಿನಯ್ಯ. ಆಮೇಲೆ ಬೊಚ್ಚುಬಾಯಲ್ಲಿ ಸಣ್ಣಗೆ ನಗು ಬರುತ್ತದೆ. "ನಾನ್ ಹೆರೆದ ತೊಗಲು ಒಳಗ್ ಹೋಗಿದೆ. ಹೋಗಿ ದೇವ್ರ ಮುಂದೆ ನಿಂತಿದೆ. ಸುಮ್ನಿರು ರತ್ನ. ಇರ್ಲಿ ಬಿಡು ಅಲ್ಲೇ."

ಮಗಳು ಬೇಡವೆನ್ನುವುದು ಹೆದರಿಕೆಯಿಂದ. ಮಾವ ಬೇಡವೆನ್ನುವುದು ಒಂದು ಬಗೆಯ ಸುಖದಿಂದ. ಎರಡೂ ಗಂಗರತ್ನಮ್ಮನಿಗೆ ಅರ್ಥವಾಗುತ್ತದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಕೈಗೆತ್ತಿಕೊಂಡದ್ದು ಬೇರೆ ಯಾರದೋ ಬೂದು ಬಣ್ಣದ ಚಪ್ಪಲಿ. ಹಿಮ್ಮಡಿಯ ಬಳಿ ಹೊಲಿಗೆ ತಪ್ಪುತ್ತದೆ, ಬಿಚ್ಚುತ್ತಾರೆ, ಹಾಕುತ್ತಾರೆ, ಮತ್ತೆ ಅಲ್ಲೇ ತಪ್ಪುತ್ತದೆ. ಕ್ರೋಶಾದಲ್ಲಿ ಇದೊಂದು ಕಷ್ಟ. ಒಂದು ಎಳೆ ಎಳೆದರೆ ಬೆಳಗಿನಿಂದ ಹಾಕಿದ್ದೆಲ್ಲ ಸರಸರ ಬಿಚ್ಚಿಕೊಂಡು ಮಡಿಲಿಗೆ ಬೀಳುತ್ತದೆ.

ತೊಗಲಿಲ್ಲದೆ ಹಾಕಿಕೊಟ್ಟರಾಯಿತು ಎಂದು ಹೇಮಶ್ರೀ ದಾರಿ ತೋರಿಸುತ್ತಾಳೆ. ಸ್ಪಂಜು ಇಡು, ಹವಾಯಿ ರಬ್ಬರ್ ಇಡು. ಅದನ್ನೆಲ್ಲ ಗಂಗರತ್ನಮ್ಮ ಎಂದೋ ಮಾಡಿ ನೋಡಿದ್ದಾರೆ. ಸ್ಪಂಜು ತಿಂಗಳಿಗೆ ಚಪಾತಿಯಾಗುತ್ತದೆ. ರಬ್ಬರಿಗೆ ಕಾಲು ಬೆವರುತ್ತದೆ, ಸಕ್ಕರೆ ಕಾಯಿಲೆಯ ಕಾಲಿಗೆ ಬೆವರು ಆಗದು. ಭಜನೆಯ ಉಳಿದವರಿಗೆ ಹೇಗೋ ಆದೀತು. ಭಾಗೀರಥಮ್ಮನ ಕಾಲಿಗೆ ಆಗುವುದಿಲ್ಲ. ಅಷ್ಟಕ್ಕೂ ಹೊಸದರಲ್ಲಿ ಏನಿಡಬೇಕೆಂಬುದು ಆಮೇಲಿನ ಮಾತು. ಹಳೆಯದು ನಾಳೆ ಬೆಳಗಿನ ಜಾವವೂ ದೇವರ ಮನೆಗೆ ಹೋಗುತ್ತದಲ್ಲ, ಅದು ಇವತ್ತಿನ ಮಾತು.

ಹನ್ನೊಂದರ ಹೊತ್ತಿಗೆ ಉಲ್ಲನ್ ತರುತ್ತೇನೆಂದು ಚೀಲ ಹಿಡಿದು ಹೊರಡುತ್ತಾರೆ. ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ ಗಾಂಧಿಬಜಾರಿನವರೆಗೂ ನಡೆದೇ ಹೋಗುತ್ತಾರೆ. ಅವರೆಕಾಯಿಯ ಕಾಲ, ಫುಟ್‌ಪಾತಿನ ತುಂಬ ಸೊಗಡಿನ ವಾಸನೆ. ಉಲ್ಲನ್ ಅಂಗಡಿಯವರು ಕೆಂಪು ತೋರಿಸುತ್ತಾರೆ, ಹಸಿರು ತೋರಿಸುತ್ತಾರೆ, ಎಷ್ಟು ಕೊಡಲಿ ಎನ್ನುತ್ತಾರೆ. ಗಂಗರತ್ನಮ್ಮ ಉಂಡೆಗಳನ್ನು ಎತ್ತಿ ಒತ್ತಿ ನೋಡಿ, ಇಟ್ಟು, ಮತ್ತೆ ಬರುತ್ತೇನೆಂದು ಖಾಲಿ ಚೀಲದೊಂದಿಗೆ ಇಳಿದುಬಿಡುತ್ತಾರೆ. ಎಂಟು ಜೊತೆಗೆ ನೂಲು ಕೊಂಡರೆ ಸುಮ್ಮನಿರುತ್ತೇನೆಂದು ಒಪ್ಪಿಕೊಂಡ ಹಾಗೆ. ಕೊಳ್ಳದಿದ್ದರೆ ಹೇಳುತ್ತೇನೆಂದು ಒಪ್ಪಿಕೊಂಡ ಹಾಗೆ. ಮೆಟ್ಟಿಲು ಇಳಿದು ಬೀದಿಗೆ ಬಂದಾಗ ಅವರಿಗೇ ತಿಳಿಯುತ್ತದೆ, ತಾವು ಕೊಂಡಿಲ್ಲ.

ಹೂವಿನ ಅಂಗಡಿಯ ಪಕ್ಕ ನಿಂತು ಫೋನು ಮಾಡುತ್ತಾರೆ. ಧೃತಿ ಎತ್ತುತ್ತಾಳೆ, ಅಜ್ಜಿಗೆ ಕೊಡಮ್ಮ ಎನ್ನುತ್ತಾರೆ. ಆಟೋಗಳ ಹಾರನ್ನಿನ ನಡುವೆ ಎಲ್ಲಿ ಧೈರ್ಯ ಜಾರಿಬಿಡುತ್ತದೋ ಎಂಬಂತೆ, ನಮಸ್ಕಾರವನ್ನೂ ಹೇಳದೆ ಶುರುಮಾಡುತ್ತಾರೆ.

"ಭಾಗೀರಥಮ್ಮನೋರೇ, ನಿಮ್ ಚಪ್ಪಲಿ ಒಳಗೆ ತೊಗಲಿದೆ. ಎರಡು ಪದರದ ಮಧ್ಯ. ಕಾಲಿಗೆ ಏನೂ ಚುಚ್ಚಬಾರ್ದು ಅಂತ ಇಟ್ಟಿದ್ದು. ನೀವು ದೇವ್ರ ಮನೆಗೆ ಹಾಕ್ಕೊಂಡ್ ಹೋಗ್ತೀರಾ ಅಂತ ನಂಗ್ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು, ಅದಕ್ಕೆ ಹೇಳ್ತಿದೀನಿ."

ಆ ಕಡೆ ಕುಕ್ಕರಿನ ಸೀಟಿ ಕೇಳುತ್ತದೆ, ಒಂದು, ಮತ್ತೊಂದು.

"ಹಾಲಿಟ್ಟಿದೀನಿ. ಆಮೇಲೆ ಮಾತಾಡ್ತೀನಿ," ಎಂದು ಭಾಗೀರಥಮ್ಮ ಫೋನಿಡುತ್ತಾರೆ.

ಬೆಳಿಗ್ಗೆ ತಾವೂ ಹೀಗೆಯೇ ಒಲೆಯ ಮೇಲಿಲ್ಲದ ನೀರಿನ ನೆವ ಹೇಳಿ ಫೋನಿಟ್ಟದ್ದು ನೆನಪಾಗಿ ಗಂಗರತ್ನಮ್ಮನಿಗೆ ಇದು ಎಂಥ ಹಾಲೆಂದು ಅರ್ಥವಾಗುತ್ತದೆ.

ಮನೆಗೆ ಬಂದು ಹೇಳಿದರೆ ಹೇಮಶ್ರೀ ತಲೆಯ ಮೇಲೆ ಕೈಹೊತ್ತುಕೊಳ್ಳುತ್ತಾಳೆ. ಆಂಜಿನಯ್ಯ ಗೋಡೆಯ ಕಡೆಗೆ ತಿರುಗಿ ಮಲಗುತ್ತಾರೆ. ಒಳಗೆ ಹೋಗಿದ್ದ ತಮ್ಮ ತೊಗಲನ್ನು ಸೊಸೆಯೇ ಕೈಹಿಡಿದು ಹೊರಗೆಳೆದು ತಂದಳು ಎಂಬಂತೆ ಊಟಕ್ಕೂ ಏಳುವುದಿಲ್ಲ. ಯಾಕೆ ಹೇಳಿದೆ ಎಂದು ಮಗಳು ಮತ್ತೆ ಮತ್ತೆ ಕೇಳಿದ್ದಕ್ಕೆ ಗಂಗರತ್ನಮ್ಮ ಕೊನೆಗೆ ಇಷ್ಟು ಹೇಳುತ್ತಾರೆ.

"ಅವ್ರು ಗೊತ್ತಿಲ್ದೆ ಹಾಕ್ಕೊಂಡಿರೋದು ಬೇರೆ. ನಾನು ಗೊತ್ತಿದ್ದೂ ಅವ್ರ ಕಾಲ್ ಕೆಳಗೆ ಬಚ್ಚಿಟ್ಕೊಳ್ಳೋದು ಬೇರೆ. ನಾವ್ಯಾಕೆ ಬಚ್ಚಿಟ್ಕೋಬೇಕು ಹೇಮಾ? ಮಾವ ಹೆರೆದಿರೋ ತೊಗಲು ಕದ್ದು ಒಳಗ್ ಹೋಗೋದು ನಂಗೆ ಬೇಡ."

ಗೋಡೆಯ ಕಡೆಗಿನ ಕಂಬಳಿ ಒಮ್ಮೆ ಅಲುಗಾಡುತ್ತದೆ.

ಮಧ್ಯಾಹ್ನ ಕರಗುತ್ತದೆ. ವಠಾರದ ನೆರಳು ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತದೆ. ಫೋನು ಎರಡು ಸಲ ಅದುರಿದರೆ ಎರಡೂ ಸಲ ಸಾಲ ಬೇಕಾ ಎಂದು ಕೇಳುವ ಕಂಪನಿಯವರು. ಗಂಗರತ್ನಮ್ಮ ಬೂದು ಚಪ್ಪಲಿಯ ಹಿಮ್ಮಡಿಯನ್ನು ಇನ್ನೊಮ್ಮೆ ಬಿಚ್ಚುತ್ತಾರೆ. ಎಂಟು ಜೊತೆ ಹೋಯಿತೆಂದು ಅವರು ಆಗಲೇ ಲೆಕ್ಕ ತೆಗೆದಾಗಿದೆ. ಅದಕ್ಕಿಂತ ಹೆಚ್ಚಾಗಿ ಕುಟುಕುತ್ತಿರುವುದು ಒಂದೇ. ಆ ಮರೂನ್ ಚಪ್ಪಲಿಯನ್ನು ಭಾಗೀರಥಮ್ಮ ಬಿಸಾಡಿಬಿಟ್ಟರೆ, ನಾಳೆ ಆ ಮನೆಯಲ್ಲಿ ಮತ್ತೊಂದು ಊದುಬತ್ತಿ ಕೆಳಗೆ ಬಿದ್ದರೆ?

ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಫೋನು ಬರುತ್ತದೆ. ಈ ಸಲ ಭಾಗೀರಥಮ್ಮನೇ. ಹೇಮಶ್ರೀ ಓಡಿಬಂದು ಸ್ಪೀಕರು ಒತ್ತುತ್ತಾಳೆ, ಅಮ್ಮನಿಗೆ ಯಾರಾದರೂ ಒರಟಾಗಿ ಮಾತಾಡಿದರೆ ತಾನೇ ಉತ್ತರ ಕೊಡುವವಳಂತೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾಳೆ.

"ಗಂಗರತ್ನಮ್ಮ, ಕಾಫಿ ಆಯ್ತಾ?"

"ಆಯ್ತಮ್ಮ."

"ಸಂಜೆ ಅದನ್ನ ತೆಗ್ದಿಟ್ಟು ಬರೀ ಕಾಲಲ್ಲಿ ದೀಪ ಹಚ್ಚೋಕ್ ಹೋದೆ. ನಿಂತಿದೀನೋ ಇಲ್ವೋ ಅಂತಾನೇ ಗೊತ್ತಾಗ್ಲಿಲ್ಲ. ಗೋಡೆ ಹಿಡ್ಕೊಂಡೆ."

ಆಮೇಲೆ ಕೂತು ಯೋಚನೆ ಮಾಡಿದೆ ಎನ್ನುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದ ದನಿ, ಒಂದೊಂದೇ ಮಾತನ್ನು ಬಿಡಿಸಿ ಇಡುತ್ತದೆ. ತಮ್ಮ ಯಜಮಾನರು ಇದ್ದಷ್ಟು ದಿನ ಜಪಕ್ಕೆ ಕೂರುತ್ತಿದ್ದದ್ದು ಜಿಂಕೆಯ ಚರ್ಮದ ಮೇಲೆ. ಭಜನೆಯ ಮೃದಂಗಕ್ಕೆ ಎರಡು ಕಡೆಯೂ ತೊಗಲೇ, ಅದನ್ನು ದೇವರ ಎದುರಿಗೇ ಇಟ್ಟುಕೊಂಡು ಬಾರಿಸುತ್ತಾರೆ, ಹೊರಗಿಡಿ ಎಂದು ಈವರೆಗೆ ಯಾರೂ ಹೇಳಿಲ್ಲ. ಇದನ್ನೇ ಮಂಡಳಿಯವರಿಗೂ ಫೋನು ಮಾಡಿ ಹೇಳಿದರಂತೆ. ಐವರು ಬೇಡವೇ ಬೇಡ ಎಂದರು. ಇಬ್ಬರು ಯೋಚಿಸುತ್ತಾರಂತೆ. ಒಬ್ಬರಂತೂ ಇನ್ನು ನಿಮ್ಮ ಮನೆಗೆ ಕಾಲಿಡುವುದಿಲ್ಲ ಎಂದರಂತೆ.

"ಬರ್ತಾರೆ ಬಿಡಿ. ನಮ್ಮನೆ ಹುಗ್ಗಿ ಬಿಟ್ಟು ಎಲ್ಲಿಗ್ ಹೋಗ್ತಾರೆ," ಎಂದು ಭಾಗೀರಥಮ್ಮ ತಮ್ಮಷ್ಟಕ್ಕೆ ಸಮಾಧಾನ ಹೇಳಿಕೊಳ್ಳುತ್ತಾರೆ. "ದೇವ್ರ ಮನೆ ವಿಷ್ಯ ನಾನೂ ಆ ದೇವ್ರೂ ನೋಡ್ಕೋತೀವಿ. ನೀವು ತಲೆ ಕೆಡಿಸ್ಕೋಬೇಡಿ."

ಗಂಗರತ್ನಮ್ಮ ಉಸಿರು ಬಿಡುವಷ್ಟರಲ್ಲಿ ಹೇಮಶ್ರೀ ಬೆಳಗಿನಿಂದ ಹೆದರಿದ್ದ ಪ್ರಶ್ನೆ ಬರುತ್ತದೆ.

"ಆ ತೊಗಲು ಯಾರು ಹಾಕಿದ್ದು?"

ಹೇಮಶ್ರೀ ಬೇಡ ಬೇಡ ಎಂದು ಕೈಯಾಡಿಸುತ್ತಾಳೆ. ಗಂಗರತ್ನಮ್ಮ ಮಗಳ ಕಡೆ ನೋಡುವುದಿಲ್ಲ.

"ನಮ್ಮಾವ. ಆಂಜಿನಯ್ಯ ಅಂತ. ನಿಮ್ ಬಸ್ ಸ್ಟಾಪ್ ಹತ್ರ ಕೂತು ಚಪ್ಪಲಿ ಹೊಲೀತಿದ್ರು."

"ಅರಳಿ ಮರದ ಕೆಳಗಿದ್ರಲ್ಲ, ಅವ್ರಾ?"

"ಹೂಂನಮ್ಮ, ಅವ್ರೇ."

ಮಂಚದ ಮೇಲೆ ಆಂಜಿನಯ್ಯ ಎದ್ದು ಕೂತಿದ್ದಾರೆ, ಕಂಬಳಿ ಹೆಗಲಿನಿಂದ ಜಾರಿದೆ.

"ಹಂಗಾದ್ರೆ ಅವ್ರನ್ನೂ ಕರ್ಕೊಂಡ್ ಬನ್ನಿ," ಎನ್ನುತ್ತಾರೆ ಭಾಗೀರಥಮ್ಮ. "ಎಡಗಾಲಿಂದು ನಡೀತಾ ನಡೀತಾ ಹೊರಗಡೆಗೆ ತಿರುಗ್ಬಿಡುತ್ತೆ. ಅಟ್ಟೆ ಕಟ್ ಮಾಡಿರೋದು ಸರಿ ಇಲ್ಲ ಅನ್ಸುತ್ತೆ. ಅವ್ರೇ ಒಳಗ್ ಬಂದು, ಕಾಲು ನೋಡಿ ಸರಿ ಮಾಡ್ಕೊಡ್ಲಿ."

ಹೇಮಶ್ರೀಯ ಕೈ ಸೊಂಟದಿಂದ ಕೆಳಗಿಳಿಯುತ್ತದೆ. ಆಂಜಿನಯ್ಯನ ಮುಖ ಮಾತ್ರ ಕೆಂಪಾಗಿದೆ. ಐವತ್ತು ವರ್ಷದ ಕಸುಬಿನ ಮೇಲೆ ಯಾರೋ ಕೈಯಿಟ್ಟಂತಾಗಿದೆ.

"ತಿರುಗುತ್ತಂತಾ? ನಾನ್ ಕಟ್ ಮಾಡಿರೋ ಅಟ್ಟೆ ತಿರುಗಲ್ಲ. ಅವ್ರು ಕಾಲೇ ಸೊಟ್ಟ ಹಾಕ್ತಿರ್ಬೇಕು." ಫೋನಿಗೆ ಕೇಳಿಸಿತೆಂದು ಅವರಿಗೆ ಗೊತ್ತು, ಕೇಳಿಸಲಿ ಎಂದೇ ಹೇಳಿದ್ದು. ಆಗಲೇ ಬಗ್ಗಿ ಮಂಚದ ಕೆಳಗಿನ ಡಬ್ಬಕ್ಕೆ ಕೈಹಾಕಿದ್ದಾರೆ. "ಎಷ್ಟ್ ಗಂಟೆಗೆ ಅಂತ ಕೇಳು."

ಬೆಳಿಗ್ಗೆ ಬನ್ನಿ, ಎಂಟಕ್ಕೆಲ್ಲ ಪೂಜೆ ಮುಗಿದಿರುತ್ತದೆ ಎನ್ನುತ್ತಾರೆ ಭಾಗೀರಥಮ್ಮ. ಗಂಗರತ್ನಮ್ಮ ಬೆಳಗಿನಿಂದ ಮೊದಲ ಸಲ ನಗುತ್ತಾರೆ.

"ಬೆಳಿಗ್ಗೆ ಬೇಡಮ್ಮ, ಸಂಜೆಗೆ ನಿಮ್ ಕಾಲು ಊದ್ಕೊಂಡಿರುತ್ತೆ, ಆಗ್ಲೇ ಸರಿಯಾದ ಅಳತೆ ಸಿಗೋದು. ನಾಳೆ ಐದು ಗಂಟೆಗೆ ಬರ್ತೀವಿ. ಇಬ್ರೂ."